ಮಾಮುವಿನ ಪಾಸ್‌ಬುಕ್

ಅಣುಸ್ಥಾವರದ ಬಗ್ಗೆ ಬರೆಯುತ್ತೇನೆ ಎಂದಾಗ ಸೈನ್ಸ್ ವಿಭಾಗದ ಗೆಳತಿಯರು ನಕ್ಕರು. "ನೀನು ಡೆಬಿಟ್, ಕ್ರೆಡಿಟ್ ನೋಡ್ಕೋ" ಎಂದರು. ಆದರೆ ನನ್ನ ನಾನಿಯ ಮನೆ ದಾಂಡೇಲಿಯಲ್ಲಿದೆ. ಆ ಊರಿನಲ್ಲಿ ಹರಿಯುವ ಕಾಳಿ ನದಿಯೇ ಮುಂದೆ ಕದ್ರಾ ಜಲಾಶಯದಲ್ಲಿ ನಿಂತು ಕೈಗಾ ಸ್ಥಾವರಕ್ಕೆ ನೀರು ಕೊಡುತ್ತದೆ. ನನ್ನ ಮಾಮು ಗುತ್ತಿಗೆದಾರರೊಬ್ಬರ ಕೈಕೆಳಗೆ ಅಲ್ಲಿಗೆ ಫಿಟ್ಟರ್ ಕೆಲಸಕ್ಕೆ ಹೋಗುತ್ತಾರೆ.

ಕೈಗಾದಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ. ಒಂದನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಮ್ಮೆಯೂ ನಿಲ್ಲದೆ ನಡೆಯಿತು. ಬ್ರಿಟನ್ನಿನ ಹೇಶಮ್ ಸ್ಥಾವರದ 940 ದಿನಗಳನ್ನು ಹಿಂದೆ ಹಾಕಿದ ಅದು ಆಗ ವಿಶ್ವದಾಖಲೆ. ಆಮೇಲೆ ಕೆನಡಾದ ಡಾರ್ಲಿಂಗ್ಟನ್ ಸ್ಥಾವರ ಅದನ್ನೂ ಮುರಿಯಿತು. ಕೈಗಾದ ಭಾರಜಲ ರಿಯಾಕ್ಟರಿನಲ್ಲಿ 306 ಅಡ್ಡ ಕೊಳವೆಗಳಿವೆ. ಒಂದು ತುದಿಯಲ್ಲಿ ಯಂತ್ರವೊಂದು ಹೊಸ ಯುರೇನಿಯಂ ಇಂಧನವನ್ನು ತಳ್ಳಿದರೆ, ಇನ್ನೊಂದು ತುದಿಯ ಯಂತ್ರ ಹಳೆಯದನ್ನು ತೆಗೆದುಕೊಳ್ಳುತ್ತದೆ. ಇಂಧನ ತುಂಬಲು ರಿಯಾಕ್ಟರ್ ನಿಲ್ಲಿಸಬೇಕಾಗಿಲ್ಲ. ಇಂಥ ಸ್ಥಾವರಕ್ಕೆ ಕಟ್ಟುವ ಖರ್ಚೇ ದೊಡ್ಡದು, ಇಂಧನದ್ದು ಕಡಿಮೆ. ನಿಂತ ದಿನವೂ ಸ್ಥಿರ ವೆಚ್ಚ ನಿಲ್ಲುವುದಿಲ್ಲ, ಆದಾಯ ಮಾತ್ರ ನಿಲ್ಲುತ್ತದೆ. ಪೂರ್ಣ ಸಾಮರ್ಥ್ಯದಲ್ಲಿ ಒಂದು ಘಟಕ ದಿನಕ್ಕೆ 52 ಲಕ್ಷ 80 ಸಾವಿರ ಯೂನಿಟ್ ಕೊಡುತ್ತದೆ. ಕ್ಯಾಲ್ಕುಲೇಟರ್‌ನಲ್ಲಿ ಎರಡು ಸಲ ಒತ್ತಿ ನೋಡಿದೆ!

ಆದರೆ ಮಾಮುವಿಗೆ ಕೆಲಸ ಸಿಗುವುದು ಘಟಕ ನಿಂತಾಗ. ದುರಸ್ತಿ, ತಪಾಸಣೆಗೆಂದು ನಿಲ್ಲಿಸಿದಾಗಲೇ ಹೊರಗಿನವರನ್ನು ಕರೆಯುತ್ತಾರೆ. ಪತ್ರಿಕೆಗಳು ದಾಖಲೆಯನ್ನು ಕೊಂಡಾಡುತ್ತಿದ್ದಾಗ ಅವರು, "ಇದು ಯಾವಾಗ ನಿಲ್ಲುತ್ತೋ" ಎಂದು ಕಾಯುತ್ತಿದ್ದರು. ಉಳಿದ ಘಟಕಗಳ ಕೆಲಸವಿತ್ತು, ಉಪವಾಸ ಬೀಳಲಿಲ್ಲ. 2019ರ ಆರಂಭದಲ್ಲಿ ಕರೆ ಬಂತು.

ಆಗ ನಾನು ಐದನೇ ತರಗತಿ. ಅಮ್ಮಿ ಬಾಣಂತನಕ್ಕೆ ತವರಿಗೆ ಬಂದಿದ್ದರು. ಕೆಲಸ ಮುಗಿಸಿ ಬಂದ ಮಾಮು ನನ್ನ ತಮ್ಮನನ್ನು ಎತ್ತಿಕೊಳ್ಳಲು ಕೈ ಚಾಚಿದರು. ನಾನಿ ಮಗುವನ್ನು ಹಿಂದಕ್ಕೆ ಎಳೆದುಕೊಂಡು, "ಪೈಲೇ ನ್ಹಾ ಲೇ" ಎಂದರು, ಮೊದಲು ಸ್ನಾನ ಮಾಡು ಅಂತ. ಸ್ನಾನ ಆದ ಮೇಲೂ ಕೊಡಲಿಲ್ಲ. 1994ರಲ್ಲಿ ಕಟ್ಟುವಾಗಲೇ ಕೈಗಾದ ಗುಮ್ಮಟದ ಒಳಪದರ ಕುಸಿದಿದ್ದು ಅವರಿಗೆ ನೆನಪಿತ್ತು. ಆಗ ಒಳಗೆ ಇಂಧನವೇ ಇರಲಿಲ್ಲ ಎಂದರೆ ಯಾರು ಕೇಳುತ್ತಾರೆ? ಮಾಮು ನಕ್ಕರು. ರಾತ್ರಿ ಊಟಕ್ಕೆ ಕೂರಲಿಲ್ಲ.

ಈ ವರ್ಷ ನಾನು ಅವರನ್ನು ಕೂರಿಸಿಕೊಂಡು ಎಲ್ಲವನ್ನೂ ಕೇಳಿದೆ. ಒಳಗೆ ಹೋಗುವಾಗ ಎದೆಗೆ ಟಿಎಲ್‌ಡಿ ಬ್ಯಾಡ್ಜ್ ಹಾಕುತ್ತಾರೆ, ಮೈಗೆ ಬಿದ್ದ ವಿಕಿರಣವನ್ನು ಅದು ಅಳೆಯುತ್ತದೆ. ಹೊರಗೆ ಬರುವಾಗ ಯಂತ್ರದಲ್ಲಿ ಕೈಕಾಲು ಇಟ್ಟು, ಬಟ್ಟೆಗೆ, ಮೈಗೆ ಏನಾದರೂ ಅಂಟಿದೆಯೇ ಎಂದು ನೋಡುತ್ತಾರೆ. ಎಕ್ಸ್‌ರೇ ತೆಗೆಸಿಕೊಂಡವರಿಂದ ಪಕ್ಕದವರಿಗೆ ಎಕ್ಸ್‌ರೇ ತಗಲುವುದಿಲ್ಲವಲ್ಲ, ಹಾಗೆಯೇ ಮೈಗೆ ಏನೂ ಅಂಟದಿದ್ದರೆ ಮಗುವಿಗೆ ಏನೂ ಬರುವುದಿಲ್ಲ. ಬ್ಯಾಡ್ಜಿನ ಲೆಕ್ಕ ಮುಂಬೈಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ರಾಷ್ಟ್ರೀಯ ದಾಖಲೆಗೆ ಸೇರುತ್ತದೆ. ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ ಮೀರಬಾರದು, ಯಾವ ಒಂದು ವರ್ಷದಲ್ಲೂ 30 ದಾಟಬಾರದು.

ನಾನಿಗೆ ಇದನ್ನು ಪಾಸ್‌ಬುಕ್ ಎಂದು ಹೇಳಿದೆ. ಜಮಾ ಮಾತ್ರ ಇರುವ, ಹಿಂದಕ್ಕೆ ಪಡೆಯಲಾಗದ ಖಾತೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನ ಖಾತೆಯಲ್ಲಿ ಎಷ್ಟಿದೆ?" ಎಂದರು. ಮಾಮು ನನ್ನ ಮುಖ ನೋಡಿದರು. ಇಷ್ಟು ವರ್ಷ ಅವರು ಅದನ್ನು ಕೇಳಿಯೇ ಇರಲಿಲ್ಲ!

ಕಳೆದ ತಿಂಗಳು ಕೇಳಿಕೊಂಡು ಫೋನ್ ಮಾಡಿದರು. ಮಿತಿಗಿಂತ ಬಹಳ ಕಡಿಮೆ. ನಾನಿ ಆ ಸಂಖ್ಯೆಯನ್ನು ಉರ್ದು ಅಂಕಿಯಲ್ಲಿ ಕ್ಯಾಲೆಂಡರಿನ ಹಿಂದೆ ಬರೆಸಿಕೊಂಡರು. ತಮ್ಮನಿಗೆ ಈಗ ಏಳು ವರ್ಷ. ಮಾಮು ಬಂದರೆ ಅವರ ಹೆಗಲೇರಲು ನಾನಿಯ ಅನುಮತಿ ಕೇಳುವುದಿಲ್ಲ.