ಮಸ್ಕಿಯ ಗುಡ್ಡ ಮತ್ತು ಒಂದು ಭಾವಚಿತ್ರ

ಸಿಂಧನೂರು ಪಟ್ಟಣಕ್ಕೆ ತನ್ನದೆಂದು ಹೇಳಿಕೊಳ್ಳುವಂಥ ಗುಡ್ಡವಿಲ್ಲ. ಯಾವ ಮಾಳಿಗೆಯನ್ನು ಹತ್ತಿ ನಿಂತರೂ ದೃಷ್ಟಿಯು ಎರೆನೆಲದ ಮೇಲೆ ಅಡೆತಡೆಯಿಲ್ಲದೆ ಸಾಗಿ ಮುಗಿಲಂಚನ್ನು ಮುಟ್ಟುತ್ತದೆ. ಆ ಅಂಚಿನಲ್ಲಿ ಇಂದು ಎದ್ದು ಕಾಣುವವು ಅಕ್ಕಿ ಗಿರಣಿಗಳ ಹೊಗೆಗೊಳವೆಗಳು, ನೀರಿನ ತೊಟ್ಟಿಗಳು, ಮೊಬೈಲ್ ಗೋಪುರಗಳು, ಅರ್ಧಕ್ಕೆ ನಿಂತ ಕಟ್ಟಡಗಳ ತಲೆಯ ಮೇಲೆ ಚಾಚಿಕೊಂಡ ಕಬ್ಬಿಣದ ಸರಳುಗಳು. ಸಂಕ್ರಾಂತಿಯ ಆಸುಪಾಸಿನ ಒಂದು ಮುಂಜಾವು ಊರಿನ ಪದವಿಪೂರ್ವ ಕಾಲೇಜೊಂದರ ಕನ್ನಡ ಉಪನ್ಯಾಸಕರು ತಮ್ಮ ಮನೆಯ ಮಾಳಿಗೆಯಲ್ಲಿ ನಿಂತು, ವೇತನದ ಹಿಂಬಾಕಿ ಬಂದಾಗ ಕೊಂಡ ಹೊಸ ಕ್ಯಾಮೆರಾದಿಂದ ಈ ದೃಶ್ಯವನ್ನು ಸೆರೆಹಿಡಿಯತೊಡಗಿದರು. ಸೂರ್ಯೋದಯಕ್ಕೆ ಮುಂಚಿನ ನೀಲಿಯಿಂದ ಆರಂಭಿಸಿ ಬಿಸಿಲು ಬಿಳುಪಾಗುವವರೆಗೆ ನೂರಕ್ಕೂ ಹೆಚ್ಚು ಚಿತ್ರಗಳಾದವು. ನಾಟಿ ಮುಗಿದ ಗದ್ದೆಗಳ ನೀರು, ಬಣವೆಗಳು, ಮಂಜಿನೊಡನೆ ಬೆರೆತ ಗಿರಣಿಯ ಹೊಗೆ ಎಲ್ಲವೂ ನಿಚ್ಚಳವಾಗಿ ಮೂಡಿದ್ದವು.

ಮಧ್ಯಾಹ್ನ ಅವುಗಳನ್ನು ಗಣಕಯಂತ್ರಕ್ಕೆ ಇಳಿಸಿ ನೋಡಿದಾಗ ಅವರಿಗೆ ಒಂದು ಸಂಗತಿ ಹೊಳೆಯಿತು. ಚಿತ್ರಗಳು ಚೆನ್ನಾಗಿದ್ದವು, ಆದರೆ ಅವು ಸಿಂಧನೂರಿನವೇ ಎಂದು ಸಾಧಿಸುವ ಯಾವ ಆಧಾರವೂ ಅವುಗಳಲ್ಲಿ ಇರಲಿಲ್ಲ. ಗಂಗಾವತಿಯ ಚಿತ್ರಗಳೆಂದರೂ, ತುಸು ದೂರದ ಸಿರುಗುಪ್ಪದವೆಂದರೂ ನಂಬಬಹುದಿತ್ತು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ಬರುವ ಮೊದಲು ಇದು ಜೋಳ, ಹತ್ತಿಗಳ ಬೆದ್ದಲು ಸೀಮೆ. ನೀರಿನ ಹಿಂದೆಯೇ ಭತ್ತ ಬಂದಿತು, ಭತ್ತದ ಹಿಂದೆ ಗಿರಣಿಗಳು ಬಂದವು. ಆಂಧ್ರದ ಕಡೆಯ ರೈತರ ಕ್ಯಾಂಪುಗಳೂ, ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರ ಪುನರ್ವಸತಿ ಕ್ಯಾಂಪುಗಳೂ ತಾಲ್ಲೂಕಿನಲ್ಲಿ ನೆಲೆಗೊಂಡವು. ಇಷ್ಟೆಲ್ಲ ಆಗಿಯೂ ನೀರಾವರಿಯ ಊರುಗಳ ಮುಗಿಲಂಚು ಒಂದನ್ನೊಂದು ಹೋಲುತ್ತದೆ. ದಶಕಕ್ಕೊಮ್ಮೆ ಬದಲಾಗುವ ಗೆರೆಯಿಂದ ಊರನ್ನು ಗುರುತಿಸುವುದೆಂತು?

ಈ ಪ್ರಶ್ನೆ ಅವರಿಗೆ ಹೊಸದಲ್ಲ. ಮನೆಯ ಆಲ್ಬಮ್ಮಿನಲ್ಲಿ ತೀರಿಕೊಂಡ ತಂದೆಯವರ ಒಂದು ಚಿತ್ರವಿದೆ. ಎರಡೂಕಾಲು ಅಂಗುಲದ ಚೌಕ, ನೆಗೆಟಿವ್‌ನ ಅಳತೆಯಲ್ಲೇ ಅಚ್ಚಾದದ್ದು. ಮಸ್ಕಿ ಸೀಮೆಯ ಹಳ್ಳಿಯ ಶಾಲೆಯಲ್ಲಿ ಮಾಸ್ತರಿಕೆ ಆರಂಭಿಸಿದ ಕಾಲದ ತಂದೆ ಧೋತರ ಉಟ್ಟು, ತಲೆಗೆ ಬಿಳಿ ಟೋಪಿ ಇಟ್ಟು ನಿಂತಿದ್ದಾರೆ. ಹಿಂದೆ ತೆನೆಬಿಟ್ಟ ಜೋಳದ ಹೊಲ, ಹೊಲದ ಬದಿಗೆ ಎರಡು ನಿಡಿದಾದ ಬಂಡೆ, ಅವುಗಳ ಆಚೆಗೆ ಗುಡ್ಡದ ಗೆರೆ. ಗುಡ್ಡದ ಮೇಲೆ ಬಿಳಿಯ ಒಂದು ಚುಕ್ಕೆ. ತಂದೆಯ ಪಾದಗಳು ಚಿತ್ರದಲ್ಲಿಲ್ಲ. ಮೊಣಕಾಲ ಕೆಳಗೆ ಚಿತ್ರ ಮುಗಿದುಹೋಗುತ್ತದೆ. ಕೆಳಗಿನ ಅಂಚಿನಲ್ಲಿ ರಾಸಾಯನಿಕ ಇಳಿದಂತೆ ಕಪ್ಪು ಕಲೆಯೊಂದಿದೆ. ಹಿಂಬದಿ ಖಾಲಿ. ಯಾರೋ ಅರಿಯದವನು ತೆಗೆದು ಮಾಸ್ತರರ ಕಾಲು ಕತ್ತರಿಸಿದನೆಂಬುದು ಮನೆಯಲ್ಲಿ ಹಳೆಯ ತಮಾಷೆ. ಸ್ಥಳ ಯಾವುದೆಂದು ಕೇಳಿದಾಗಲೆಲ್ಲ ತಾಯಿ ‘ಮುದಗಲ್ಲ ಇರಬೇಕಪ್ಪ’ ಎನ್ನುತ್ತಿದ್ದರು. ಅಕ್ಕ ಒಂದು ಚೀಟಿಯಲ್ಲಿ ‘ಮುದಗಲ್ಲು’ ಎಂದು ಬರೆದು ಚಿತ್ರದ ಕೆಳಗೆ ಅಂಟಿಸಿಬಿಟ್ಟಿದ್ದಳು.

ಹಳೆಯ ಚಿತ್ರವೊಂದರ ನೆಲೆಯನ್ನು ಹುಡುಕಿ ಅಲ್ಲಿಯೇ ಮತ್ತೊಮ್ಮೆ ಕ್ಯಾಮೆರಾ ಇಡುವ ಪದ್ಧತಿಗೆ ಈ ಸೀಮೆಯ ಸಮೀಪದಲ್ಲೇ ಶ್ರೇಷ್ಠವಾದ ಉದಾಹರಣೆಯಿದೆ. 1856ರಲ್ಲಿ ಮದ್ರಾಸು ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪೆಯ ಅವಶೇಷಗಳನ್ನು ಮೇಣ ಸವರಿದ ಕಾಗದದ ದೊಡ್ಡ ನೆಗೆಟಿವ್‌ಗಳಲ್ಲಿ ಹಿಡಿದನು. ಅವು ಬಹುಕಾಲ ಮರೆಯಾಗಿದ್ದು, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮತ್ತೆ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಗ್ರೀನ್‌ಲಾ ನಿಂತಲ್ಲಿಯೇ ನಿಂತು ಅದೇ ದೃಶ್ಯಗಳನ್ನು ತೆಗೆದರು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಬಿದ್ದುಹೋದ ಕಂಬ, ಕರಗಿದ ಗಾರೆ, ಬೆಳೆದ ಮರಗಳು ಪ್ರತ್ಯೇಕವಾಗಿ ಲೆಕ್ಕಕ್ಕೆ ಸಿಗುತ್ತವೆ. ಹಿನ್ನೆಲೆಯ ಬಂಡೆಗುಡ್ಡಗಳ ಗೆರೆ ಮಾತ್ರ ಇದ್ದಂತೆಯೇ ಇರುತ್ತದೆ. ಗಾಲಿಂಗ್ಸರಿಗೆ ಗುಡಿ ಗೋಪುರಗಳ ನೆರವಿತ್ತು. ಉಪನ್ಯಾಸಕರಿಗಿದ್ದದ್ದು ಎರಡು ಬಂಡೆ, ಒಂದು ಗುಡ್ಡ.

ಮುಂದಿನ ರವಿವಾರ ಅವರು ತಾಯಿಯ ಮಾತನ್ನು ನಂಬಿ ಮುದಗಲ್ಲಿಗೆ ಹೊರಟರು. ದಾರಿಯಲ್ಲಿ ಲಿಂಗಸುಗೂರು. ಒಂದು ಕಾಲಕ್ಕೆ ಹೈದರಾಬಾದ್ ಕಂಟಿಂಜೆಂಟ್ ಸೇನೆಯ ಛಾವಣಿಯಿದ್ದ, 1905ರವರೆಗೆ ನಿಜಾಮರ ಆಡಳಿತದಲ್ಲಿ ಜಿಲ್ಲಾ ಕೇಂದ್ರವಾಗಿದ್ದ ಊರಿದು. ಬಸ್ ನಿಲ್ದಾಣದ ಎದುರು ಒಗ್ಗರಣಿ-ಮಿರ್ಚಿ ತಿಂದು ಅವರು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಬಹಮನಿ ಮತ್ತು ವಿಜಯನಗರಗಳು ರಾಯಚೂರು ದೋಆಬಿಗಾಗಿ ಕಾದಾಡಿದಾಗಲೆಲ್ಲ ಕೈಯಿಂದ ಕೈಗೆ ಹೋದ ಮುದಗಲ್ಲಿನ ಕೋಟೆಯನ್ನು ಕಂದಕದ ಹೊರಗಿನಿಂದ ಸುತ್ತುಹಾಕಿದರು. ಅಲ್ಲಿನ ಮುಗಿಲಂಚು ಮನುಷ್ಯನು ಕೊರೆದದ್ದು: ಕೊತ್ತಲಗಳ ದುಂಡು, ಗೋಡೆಯ ನೇರ, ತೆನೆಗಳ ಹಲ್ಲುಸಾಲು. ತಂದೆಯ ಹಿಂದಿನ ಗೆರೆಯಲ್ಲಿ ಒಂದು ಕಡೆಯೂ ನೇರವಿಲ್ಲ. ಚಿತ್ರವನ್ನು ಕೈಯಲ್ಲಿ ಹಿಡಿದು ಯಾವ ದಿಕ್ಕಿನಿಂದ ನೋಡಿದರೂ ಹೊಂದಿಕೆಯಾಗಲಿಲ್ಲ. ತಾಯಿಯ ನೆನಪು ತಪ್ಪೆಂದು ಸಿದ್ಧವಾದದ್ದು ಅವರಿಗೆ ಸಂತೋಷದ ವಿಷಯವಾಗಿರಲಿಲ್ಲ. ಇತ್ತೀಚೆಗೆ ಆಕೆಗೆ ಹೆಸರುಗಳು ಜಾರತೊಡಗಿದ್ದವು.

ಹಿಂದಿರುಗುವಾಗ ಬಸ್ಸಿನ ಕಿಟಕಿಯಲ್ಲಿ ಮಸ್ಕಿಯ ಗುಡ್ಡ ತಿರುಗಿತು. ವರ್ಷಗಟ್ಟಲೆ ನೋಡಿದ ಗುಡ್ಡ. ಗ್ರಾನೈಟ್ ಗುಂಡುಗಳನ್ನು ಪೇರಿಸಿಟ್ಟಂತಿರುವ ಮೈ, ಮೇಲೆ ಮಲ್ಲಿಕಾರ್ಜುನನ ಗುಡಿ. ಬಸ್ಸು ಸರಿದಂತೆ ಗೆರೆ ಬದಲಾಗುತ್ತ ಹೋಯಿತು, ಒಂದು ಕ್ಷಣ ಚಿತ್ರದೊಳಗಿನ ಗೆರೆಯ ಹತ್ತಿರಕ್ಕೆ ಬಂದು ಮತ್ತೆ ಬೇರೆಯಾಯಿತು. ಅವರು ಮುಂದಿನ ನಿಲುಗಡೆಯಲ್ಲಿ ಇಳಿದರು.

ಮಸ್ಕಿಯ ಹೆಸರನ್ನು ಚರಿತ್ರೆಯ ವಿದ್ಯಾರ್ಥಿಗಳಾದ ಎಲ್ಲರೂ ಬಲ್ಲರು. ‘ದೇವಾನಂಪಿಯ ಪಿಯದಸಿ’ ಎಂಬ ಬಿರುದುಗಳನ್ನು ಹೊತ್ತ ಬ್ರಾಹ್ಮೀ ಶಾಸನಗಳನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಓದಿದನು. ಆ ದೊರೆ ಯಾರೆಂಬುದು ಶಾಸನಗಳಿಂದ ತಿಳಿಯಲಿಲ್ಲ. ಸಿಂಹಳದ ಪಾಲಿ ಗ್ರಂಥ ದೀಪವಂಸದ ಬಲದಿಂದ ಜಾರ್ಜ್ ಟರ್ನರ್ ಅವನನ್ನು ಅಶೋಕನೆಂದು ಗುರುತಿಸಿದನು. ಆ ಗುರುತಿಗೆ ಕಲ್ಲಿನ ಸಾಕ್ಷಿ ದೊರೆಯಲು ಎಪ್ಪತ್ತೆಂಟು ವರ್ಷ ಕಾಯಬೇಕಾಯಿತು. 1915ರಲ್ಲಿ ಈ ಸೀಮೆಯಲ್ಲಿ ಚಿನ್ನದ ಜಾಡು ಅರಸುತ್ತಿದ್ದ ಸಿ. ಬೀಡನ್ ಎಂಬ ಗಣಿ ಇಂಜಿನಿಯರನು ಮಸ್ಕಿಯ ಗುಡ್ಡದ ಬಂಡೆಯೊಂದರ ಮೇಲೆ ಅಕ್ಷರಗಳನ್ನು ಕಂಡನು. ಹೊಸಕೋಟೆ ಕೃಷ್ಣಶಾಸ್ತ್ರಿಗಳು ಅದನ್ನು ಓದಿದಾಗ ಮೊದಲ ಸಾಲಿನಲ್ಲಿಯೇ ‘ದೇವಾನಂಪಿಯಸ ಅಸೋಕಸ’ ಎಂದಿತ್ತು. ಹೈದರಾಬಾದ್ ಪುರಾತತ್ತ್ವ ಗ್ರಂಥಮಾಲೆಯ ಮೊದಲ ಸಂಚಿಕೆಯಾಗಿ ಅದೇ ವರ್ಷ ಈ ಪಾಠವು ಪ್ರಕಟವಾಯಿತು. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ಸಿಂಧನೂರು ಸೀಮೆಯಿಂದ ತುಂಗಭದ್ರೆಯ ಆಚೆ ದಂಡೆಯ ನಿಟ್ಟೂರು, ಉದೇಗೊಳಗಳಲ್ಲಿ ಅಶೋಕನ ಹೆಸರಿರುವ ಶಾಸನಗಳು ಸಿಕ್ಕವು. ಸನ್ನತಿಯ ಬಳಿಯ ಕನಗನಹಳ್ಳಿಯ ಶಿಲ್ಪದಲ್ಲಂತೂ ಅರಸನ ಆಕೃತಿ ಮತ್ತು ‘ರಾಯೊ ಅಸೋಕೊ’ ಎಂಬ ಹೆಸರು ಒಂದೇ ಕಲ್ಲಿನಲ್ಲಿವೆ. ಆ ಶಿಲ್ಪಿ ತನ್ನ ಚಿತ್ರದ ಕೆಳಗೆ ಹೆಸರು ಬರೆಯುವಷ್ಟು ಜಾಣನಾಗಿದ್ದನು. ನಮ್ಮ ಮನೆಗಳ ಆಲ್ಬಮ್ಮುಗಳಲ್ಲಿ ಆ ಜಾಣತನ ಅಪರೂಪ.

ಶಾಸನದ ಛಾಯಾಚಿತ್ರ ತೆಗೆಯಲು ಹೋದವರಿಗೆ ಇನ್ನೊಂದು ವಿಷಯ ಗೊತ್ತಿರುತ್ತದೆ. ನಡುಹಗಲಿನ ಬಿಸಿಲಿನಲ್ಲಿ ಬಂಡೆ ಬರಿಯ ಬಂಡೆ. ಸವೆದ ಅಕ್ಷರಗಳು ಕಾಣುವುದು ಬೆಳಕು ಒರೆಯಾಗಿ ಬಿದ್ದು ಪ್ರತಿ ಗೀರಿನ ಒಂದು ದಡಕ್ಕೆ ನೆರಳು ಕಟ್ಟಿದಾಗ. ಶಾಸನತಜ್ಞರು ಛಾಯಾಚಿತ್ರವೊಂದನ್ನೇ ನಂಬದೆ ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಕುಂಚದಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯುವುದು ಇದಕ್ಕಾಗಿಯೇ. ಬಂಡೆಯನ್ನೇ ಮುಟ್ಟಿ ಪಡೆದ ಅಚ್ಚು ಬೆಳಕಿನ ಹಂಗಿಗೆ ಒಳಗಾಗುವುದಿಲ್ಲ.

ಆ ಸಂಜೆ ಉಪನ್ಯಾಸಕರು ಶಾಸನದ ಕಡೆಗೆ ಹೋಗಲಿಲ್ಲ. ಗುಡ್ಡವನ್ನು ಬಲಕ್ಕಿಟ್ಟುಕೊಂಡು ಹೊಲಗಳ ಬದುವಿನಲ್ಲಿ ನಡೆದರು. ನಿಂತ ನೆಲೆಯನ್ನು ಹುಡುಕುವುದರಲ್ಲಿ ಲೆನ್ಸಿನ ಪಾತ್ರ ಬಹಳ ಕಡಿಮೆ. ಲೆನ್ಸು ಬದಲಿಸಿದರೆ ದೃಶ್ಯದ ಎಷ್ಟು ಭಾಗ ಚೌಕಟ್ಟಿಗೆ ಬರುತ್ತದೆ ಎಂಬುದಷ್ಟೇ ಬದಲಾಗುತ್ತದೆ. ಹತ್ತಿರದ ಬಂಡೆ ದೂರದ ಗುಡ್ಡದ ಯಾವ ಭಾಗವನ್ನು ಮರೆಮಾಡಬೇಕೆಂಬುದನ್ನು ನಿರ್ಧರಿಸುವುದು ನಿಂತ ಕಾಲು. ನಾಲ್ಕು ಹೆಜ್ಜೆ ಎಡಕ್ಕೆ ಸರಿದರೆ ಬಂಡೆ ಬಲಕ್ಕೆ ಸರಿಯುತ್ತದೆ, ಗುಡ್ಡ ಇದ್ದಲ್ಲೇ ಇರುತ್ತದೆ. ಹಿಂದೆ ಸರಿದಷ್ಟೂ ಬಂಡೆ ಕುಗ್ಗಿ ಗುಡ್ಡ ಅದರ ಹೆಗಲ ಮೇಲೆ ಏಳುತ್ತದೆ. ಕ್ಯಾಮೆರಾದ ಪರದೆಯಲ್ಲಿ ತಂದೆಯ ಚಿತ್ರದ ಪ್ರತಿಯನ್ನೂ ಎದುರಿನ ದೃಶ್ಯವನ್ನೂ ಸರದಿಯಂತೆ ನೋಡುತ್ತ ಅವರು ಹಿಂದೆ ಮುಂದೆ ಅಲೆದಾಡುವುದನ್ನು ಕಂಡು ಮೇವಿನ ಹೊರೆ ಹೊತ್ತು ಬರುತ್ತಿದ್ದ ಮುದುಕರೊಬ್ಬರು ನಿಂತರು.

‘ಏನ್ರಿ ಸಾರ್, ಸರ್ವೆ ಮಾಡಾಕ ಬಂದೀರೇನು?’

ಇವರು ಚಿತ್ರ ತೋರಿಸಿದರು. ಮುದುಕರು ಅದನ್ನು ಕಣ್ಣಿನ ಹತ್ತಿರ ಹಿಡಿದು ಮೊದಲು ಜೋಳವನ್ನು ನೋಡಿದರು, ‘ಬಿಳಿಜೋಳ’ ಎಂದರು. ಆಮೇಲೆ ಬಂಡೆ. ಒಂದು ಬಂಡೆ ಅವರ ದನದ ಕೊಟ್ಟಿಗೆಯ ಗೋಡೆಗೆ ಅಂಟಿಕೊಂಡು ಈಗಲೂ ನಿಂತಿತ್ತು. ‘ಇದರ ಜೋಡಿದನ್ನ ನಮ್ಮಪ್ಪ ಒಡಿಸಿ ಮನಿ ಪಾಯಾಕ ಹಾಕ್ಯಾನ್ರಿ’ ಎಂದು ಮನೆಯತ್ತ ಕೈ ತೋರಿಸಿದರು. ಕೊಟ್ಟಿಗೆಯ ಹಿಂದೆ, ಈಗ ಹತ್ತಿಕಟ್ಟಿಗೆ ಒಟ್ಟಿದ್ದ ಜಾಗದಲ್ಲಿ, ಬಂಡೆಯ ಮೂತಿಯೂ ಗುಡ್ಡದ ತಗ್ಗೂ ಒಂದಕ್ಕೊಂದು ಕೂಡಿದವು. ಚಿತ್ರದೊಳಗಿನ ಬಿಳಿ ಚುಕ್ಕೆ ಇದ್ದಲ್ಲಿ ಗುಡಿಯಿತ್ತು.

ಹೊತ್ತು ಇಳಿಯುತ್ತಿತ್ತು. ಟ್ರೈಪಾಡು ಊರಿ ಹತ್ತಾರು ಚಿತ್ರ ತೆಗೆದರು. ಮನೆಗೆ ಬಂದು ನೋಡಿದಾಗ ಪ್ರತಿಯೊಂದರಲ್ಲೂ ಒಂದು ದೋಷವಿತ್ತು: ಸೂರ್ಯ ಬೆನ್ನ ಹಿಂದಿದ್ದುದರಿಂದ ಅವರ ನೆರಳೇ ಉದ್ದವಾಗಿ ಚೌಕಟ್ಟಿನ ಕೆಳ ಅಂಚಿಗೆ ಬಂದು ಬಿದ್ದಿತ್ತು. ಹೊಸಬರು ಮಾಡುವ ತಪ್ಪು. ಅಳಿಸಿಹಾಕಲು ಹೋದ ಬೆರಳು ತಡೆಯಿತು. ಅವರು ತಂದೆಯ ಚಿತ್ರವನ್ನು ತೆಗೆದು, ರಾಸಾಯನಿಕದ ಕಲೆ ಎಂದುಕೊಂಡಿದ್ದ ಕಪ್ಪನ್ನು ಹಿಗ್ಗಿಸಿ ನೋಡಿದರು. ಕಲೆಗೆ ಅಂಚಿತ್ತು. ಎರಡು ಮೊಣಕೈಗಳು ಹೊರಕ್ಕೆ ಚಾಚಿದ್ದವು. ಪೆಟ್ಟಿಗೆ ಕ್ಯಾಮೆರಾವನ್ನು ಹೊಟ್ಟೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡುವವರ ಭಂಗಿ ಅದು. ತಲೆಯ ನೆರಳು ಗುಂಡಗಿರಲಿಲ್ಲ. ಎರಡೂ ಬದಿಗೆ ಹೆಗಲವರೆಗೆ ಇಳಿದಿತ್ತು, ಸೆರಗು ಹೊದ್ದ ಹಾಗೆ.

ತಾಯಿ ಅಡುಗೆಮನೆಯ ಬಾಗಿಲಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು.

‘ಅವ್ವಾ, ಅಪ್ಪನ ಈ ಫೋಟೋ ತಗದವರು ಯಾರು?’

‘ನಾನ ತಗದದ್ದು’ ಎಂದರು ತಾಯಿ, ಕೈ ನಿಲ್ಲಿಸದೆ. ‘ಯಾ ಊರಂತ ಕೇಳತಿದ್ರಿ. ತಗದಾಕಿ ಯಾರಂತ ಯಾರೂ ಕೇಳಲಿಲ್ಲ.’

ಯಾರದೋ ಎರವಲು ಕ್ಯಾಮೆರಾ. ಮಸ್ಕಿಯಲ್ಲಿ ಅಕ್ಷರದ ಕಲ್ಲು ತೋರಿಸುತ್ತೇನೆಂದು ಗಂಡ ಕರೆದೊಯ್ದದ್ದು, ಕಲ್ಲು ನೋಡಿ ತನಗೆ ಏನೂ ತಿಳಿಯದೆ ಇದ್ದದ್ದು, ಮರಳಿ ಬರುವಾಗ ಹೊಲದ ಬದುವಿನಲ್ಲಿ ಆತ ಪೆಟ್ಟಿಗೆಯನ್ನು ಕೈಗಿತ್ತು ಒತ್ತುವ ಗುಂಡಿಯನ್ನು ತೋರಿಸಿಕೊಟ್ಟದ್ದು, ಎಲ್ಲವನ್ನೂ ಅವರು ತಡವರಿಸದೆ ಹೇಳಿದರು. ಮುದಗಲ್ಲಿಗೆ ಮೊಹರಮ್ ನೋಡಲು ಹೋದದ್ದು ಇನ್ನೊಮ್ಮೆ. ಎರಡು ಪಯಣಗಳೂ ತಲೆಯಲ್ಲಿ ಒಂದರೊಳಗೊಂದು ಕೂಡಿಬಿಟ್ಟಿದ್ದವು. ಯಾವ ವರ್ಷವೆಂದು ಕೇಳಿದರೆ, ‘ವರ್ಷ ಯಾರಿಗೆ ಗೊತ್ತು, ನಿಮ್ಮಕ್ಕ ಹೊಟ್ಟ್ಯಾಗಿದ್ಲು’ ಎಂದರು. ಅಕ್ಕ ಹುಟ್ಟಿದ್ದು 1968ರ ಏಪ್ರಿಲಿನಲ್ಲಿ. ಹೊಲದ ಜೋಳ ತೆನೆಬಿಟ್ಟು ನಿಂತಿತ್ತು. ನೆರಳು ಗುಡ್ಡದ ಕಡೆಗೇ ಬಿದ್ದಿತ್ತು. ತಾಮ್ರಶಾಸನದ ಕಾಲವನ್ನು ಗ್ರಹಣದಿಂದ ನಿರ್ಣಯಿಸುವ ವಿದ್ವಾಂಸರಿಗೂ ಒಮ್ಮೊಮ್ಮೆ ಇಷ್ಟು ಸಾಕ್ಷ್ಯ ಸಿಗುವುದಿಲ್ಲ.

‘ಮತ್ತ ಅಪ್ಪನ ಕಾಲು ಯಾಕ ಕಡದಿ?’

‘ಮ್ಯಾಲಿನ ಸಣ್ಣ ಕನ್ನಡ್ಯಾಗ ಎಲ್ಲಾ ಕೂಡತಿದ್ದಿಲ್ಲಪ್ಪ. ಕಾಲು ಹಿಡದ್ರ ಗುಡ್ಡ ಹೋಗತಿತ್ತು. ಕಾಲೇನು, ದಿನಾ ಮನ್ಯಾಗ ನೋಡತೀನಿ. ಗುಡ್ಡ ಇರಲಿ ಅಂತ ಪೆಟ್ಟಿಗಿ ಮ್ಯಾಲೆ ಎತ್ತಿದೆ.’

ಆ ರಾತ್ರಿ ಉಪನ್ಯಾಸಕರು ಚಿತ್ರದ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಬರೆದರು: ಮಸ್ಕಿ, ಗುಡ್ಡದ ನೈಋತ್ಯದ ಹೊಲದಿಂದ, 1968ರ ಜನವರಿಯ ಆಸುಪಾಸು, ಸಂಜೆ, ನಿಂತವರು ತಂದೆ. ತೆಗೆದವರು ಎಂದು ಬರೆದು ತಾಯಿಯ ಪೂರ್ಣ ಹೆಸರನ್ನು, ಮದುವೆಗೆ ಮೊದಲಿನ ಮನೆಹೆಸರಿನೊಂದಿಗೆ, ಸೇರಿಸಿದರು. ಅಕ್ಕ ಅಂಟಿಸಿದ್ದ ‘ಮುದಗಲ್ಲು’ ಚೀಟಿಯನ್ನು ಕೀಳಲಿಲ್ಲ. ಹಳೆಯ ಪಾಠವನ್ನು ಉಳಿಸಿಕೊಂಡು ಅದರ ಕೆಳಗೆ ತಿದ್ದಿದ ಪಾಠವನ್ನು ಕೊಡುವುದು ಅವರು ತರಗತಿಯಲ್ಲಿ ಹೇಳಿಕೊಡುತ್ತಿದ್ದ ಕ್ರಮ. ಆಮೇಲೆ ಮಾಳಿಗೆಯಲ್ಲಿ ತೆಗೆದ ಸಿಂಧನೂರಿನ ನೂರು ಚಿತ್ರಗಳನ್ನು ತೆರೆದು, ಒಂದೊಂದಕ್ಕೂ ದಿಕ್ಕು, ತಾರೀಖು, ಕಾಣುವ ಗಿರಣಿಯ ಗುರುತುಗಳನ್ನು ಬರೆಯತೊಡಗಿದರು.