ಕಾರಿಗೂ ಬೆನ್ನೆಲುಬು ಬೇಕು

ಬೆಂಕಿಪೊಟ್ಟಣದಿಂದ ಕಡ್ಡಿಗಳ ಗೂಡನ್ನು ಹೊರಗೆಳೆದು, ಉಳಿದ ಖಾಲಿ ಹೊದಿಕೆಯನ್ನು ಎರಡೂ ತುದಿ ಹಿಡಿದು ತಿರುಚಿ ನೋಡಬೇಕು. ಸಲೀಸಾಗಿ ಓರೆಯಾಗುತ್ತದೆ. ಗೂಡನ್ನು ಮತ್ತೆ ಒಳಗೆ ತಳ್ಳಿದರೆ ಅದೇ ಪೊಟ್ಟಣ ಅಷ್ಟು ಸುಲಭಕ್ಕೆ ಕೈಗೆ ಮಣಿಯುವುದಿಲ್ಲ. ಸೇರಿಸಿದ ರಟ್ಟು ಚೂರೇ. ಬಂದ ಬಿಗಿ ಬಹಳ. ವೇಗದ ಕಾರುಗಳ ಹುಚ್ಚು ಹಿಡಿದವರು ಸಾವಿರಾರು ರೂಪಾಯಿ, ಡಾಲರು ಸುರಿದ ಮೇಲೆ ಕಲಿಯುವ ಪಾಠ ಹೆಚ್ಚುಕಡಿಮೆ ಇಷ್ಟೇ.

ಈ ಪಾಠಕ್ಕೆ ಫೋರ್ಡ್ ಕಂಪನಿಯ ಮಸ್ಟಾಂಗ್‌ನಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1979ರಿಂದ 1993ರವರೆಗಿನ ಮಾದರಿಗಳು ‘ಫಾಕ್ಸ್’ ಎಂಬ ತಳವಿನ್ಯಾಸದ ಮೇಲೆ ನಿಂತವು. ಆ ತಳ ಮೊದಲು ಬಂದದ್ದು 1978ರ ಫೇರ್‌ಮಾಂಟ್ ಎಂಬ ಸಂಸಾರಸ್ಥರ ಕಾರಿನಲ್ಲಿ. ಅದರ ಮೇಲೆ ಎಂಟು ಸಿಲಿಂಡರಿನ, 5 ಲೀಟರಿನ ಎಂಜಿನ್ ಕೂರಿಸಿದರು. 1987ರ ಹೊತ್ತಿಗೆ ಅದರ ಶಕ್ತಿ 225 ಅಶ್ವಶಕ್ತಿ. ಎತ್ತಿನ ಗಾಡಿಗೆ ಕಾಡುಕುದುರೆ ಹೂಡಿದಂತೆ. ಮಸ್ಟಾಂಗ್ ಎಂದರೆ ಅಮೆರಿಕದ ಕಾಡುಕುದುರೆಯೇ ತಾನೆ!

ಈ ಕಾರುಗಳು ಹಳತಾದ ಮೇಲೆ ಅಗ್ಗಕ್ಕೆ ಸಿಕ್ಕವು. ಬೇಸಿಗೆ ರಜೆಯಲ್ಲಿ ದುಡಿದು ಹಣ ಕೂಡಿಟ್ಟ ಎಷ್ಟೋ ಅಮೆರಿಕನ್ ಹುಡುಗರ ಮೊದಲ ಕಾರು ಇದೇ ಆಗಿತ್ತು. ಅಂಥ ಹುಡುಗನ ಕಣ್ಣು ಮೊದಲು ಬೀಳುವುದು ಸ್ಪ್ರಿಂಗುಗಳ ಮೇಲೆ. ಗಿಡ್ಡ, ಗಡಸು ಸ್ಪ್ರಿಂಗ್ ಹಾಕಿದರೆ ಕಾರು ನೆಲಕ್ಕೆ ತಗ್ಗುತ್ತದೆ, ಹುಲಿ ಹೊಂಚುಹಾಕಿದ ಭಂಗಿ ಬರುತ್ತದೆ, ಕಾಲೇಜಿನ ಎದುರು ನಾಲ್ಕು ಜನ ತಿರುಗಿ ನೋಡುತ್ತಾರೆ. ನೋಡಲಿ, ಆ ವಯಸ್ಸೇ ಹಾಗೆ. ತೊಂದರೆ ಶುರುವಾಗುವುದು ಮೊದಲ ಉಬ್ಬುತಗ್ಗಿನ ತಿರುವಿನಲ್ಲಿ.

ಕಾರು ತಗ್ಗಿದಷ್ಟೂ ಚಕ್ರಕ್ಕೆ ಮೇಲೆದ್ದು ಇಳಿಯಲು ಜಾಗ ಕಡಿಮೆ. ಉಬ್ಬು ಬಂದಾಗ ಸಸ್ಪೆನ್ಷನ್ ತನ್ನ ಕೊನೆಯ ರಬ್ಬರ್ ತಡೆಗೆ ಧಡ್ಡನೆ ಬಡಿಯುತ್ತದೆ. ಆ ಕ್ಷಣ ಟಯರಿನ ಹಿಡಿತ ಸಡಿಲುತ್ತದೆ. ಹಳೆಯ ಶಾಕ್ ಅಬ್ಸಾರ್ಬರುಗಳಿಗೆ ಹೊಸ ಗಡಸು ಸ್ಪ್ರಿಂಗಿನ ಕುಣಿತವನ್ನು ಹಿಡಿದು ನಿಲ್ಲಿಸುವ ತ್ರಾಣವಿರುವುದಿಲ್ಲ. ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಸ್ಪ್ರಿಂಗ್ ಮಣಿಯದಿದ್ದರೆ ಬೇರೆ ಯಾವುದಾದರೂ ಮಣಿಯಲೇಬೇಕು. ಕಾರಿನ ದೇಹವೇ ಮಣಿಯುತ್ತದೆ.

ಈ ಮಸ್ಟಾಂಗ್‌ಗೆ ಲಾರಿಯಂತೆ ಪ್ರತ್ಯೇಕ ಚಾಸಿ ಇಲ್ಲ. ದೇಹ, ಚಾಸಿ ಎರಡೂ ಒಂದೇ ತಗಡಿನ ಕಟ್ಟೋಣ. ಮುಂದೆ ಎಂಜಿನ್ ಹೊರುವ ಎರಡು ಉಕ್ಕಿನ ತೊಲೆಗಳಿವೆ, ಹಿಂದೆ ಅಚ್ಚು ಹೊರುವ ಎರಡು ತೊಲೆಗಳಿವೆ. ಮಧ್ಯದಲ್ಲಿ, ಮನುಷ್ಯರು ಕೂರುವ ಕಡೆ, ಅವುಗಳನ್ನು ಜೋಡಿಸುವ ತೊಲೆಯಿಲ್ಲ. ಆ ಕೆಲಸವೆಲ್ಲ ನೆಲದ ತೆಳು ತಗಡಿನದು, ಅಂಚಿನ ಪಟ್ಟಿಗಳದು. ಗೂಡಿಲ್ಲದ ಬೆಂಕಿಪೊಟ್ಟಣದ ನೆನಪಾಗದೆ ಇರದು. ಮಾಡು ತೆರೆಯುವ ಮಾದರಿಗಳಲ್ಲಿ ಸ್ಥಿತಿ ಇನ್ನೂ ನಾಜೂಕು.

ಮದ್ದು ಏನು? ಮುಂದಿನ ತೊಲೆಗೂ ಹಿಂದಿನ ತೊಲೆಗೂ ಸೇತುವೆಯಾಗಿ ಎಡಬಲ ಒಂದೊಂದು ಉದ್ದನೆಯ ಉಕ್ಕಿನ ಕೊಳವೆಯನ್ನು ಬೆಸುಗೆ ಹಾಕುವುದು. ‘ಸಬ್‌ಫ್ರೇಮ್ ಕನೆಕ್ಟರ್’ ಎಂದು ಅದರ ಹೆಸರು. ಹೊರಗಿನಿಂದ ಕಾಣುವುದಿಲ್ಲ, ಹೊಳೆಯುವುದಿಲ್ಲ, ಗೆಳೆಯರಿಗೆ ತೋರಿಸಬೇಕೆಂದರೆ ಅವರನ್ನು ನೆಲದ ಮೇಲೆ ಮಲಗಿಸಬೇಕು. ಆದರೆ ಮೊದಲ ದುಡ್ಡು ಹೋಗಬೇಕಾದದ್ದು ಅಲ್ಲಿಗೇ. ಟಯರು, ಬ್ರೇಕು, ಸವೆದ ಬುಷ್‌ಗಳು ನೆಟ್ಟಗಿರಬೇಕೆನ್ನುವುದು ಅದಕ್ಕೂ ಮುಂಚಿನ ಮಾತು ಬಿಡಿ. ಬೆಸುಗೆ ಹಾಕುವಾಗ ಕಾರಿನ ಭಾರ ಅದರ ಚಕ್ರಗಳ ಮೇಲೆಯೇ ಇರಬೇಕು. ದೇಹವನ್ನು ಎತ್ತಿ ಜೋತಾಡಿಸಿ ಬೆಸೆದರೆ ಸೊಟ್ಟಗೆ ನಿಂತ ಭಂಗಿಯೇ ಕಾಯಮ್ಮಾಗಿ, ಬಾಗಿಲುಗಳು ಚೌಕಟ್ಟಿಗೆ ಕೂರದೆ ಹೋಗಬಹುದು. ಸರಿಯಾಗಿ ಬೆಸೆದ ಕಾರಿನ ಒಂದು ಮಗ್ಗುಲಿಗೆ ಜ್ಯಾಕ್ ಕೊಟ್ಟರೆ ಮುಂದಿನ ಚಕ್ರದ ಬೆನ್ನಿಗೇ ಹಿಂದಿನದೂ ಏಳತೊಡಗುತ್ತದೆ.

ಹಾಗೆಂದು ಬಿಗಿಯೇ ಎಲ್ಲಕ್ಕೂ ಮದ್ದಲ್ಲ. ಈ ಕಾರಿನ ಹಿಂದಿನ ಅಚ್ಚು ಒಂದೇ ಗಟ್ಟಿ ತುಂಡು. ನಾಲ್ಕು ತೋಳುಗಳು ಅದನ್ನು ಹಿಡಿದಿರುತ್ತವೆ. ಮೇಲಿನ ಎರಡು ತೋಳುಗಳು ಓರೆಯಾಗಿವೆ. ತಿರುವಿನಲ್ಲಿ ಕಾರು ವಾಲಿದಾಗ ಅವುಗಳ ತುದಿಯ ರಬ್ಬರ್ ಬುಷ್‌ಗಳು ಹಿಸುಕಿಕೊಂಡು ದಾರಿ ಬಿಡಲೇಬೇಕು. ‘ರಬ್ಬರ್ ಮೆತ್ತಗಾಯಿತು’ ಎಂದು ಅಲ್ಲೆಲ್ಲ ಗಡಸು ಪಾಲಿಯುರೆಥೇನ್ ಬುಷ್ ತುಂಬಿದರೆ ಅಚ್ಚು ಸಿಕ್ಕಿಹಾಕಿಕೊಳ್ಳುತ್ತದೆ. ಮಳೆಯ ರಸ್ತೆಯಲ್ಲಿ ಹಿಂಭಾಗ ಮುನ್ಸೂಚನೆಯಿಲ್ಲದೆ ಜಾರುತ್ತದೆ. ಹಣ ಕೊಟ್ಟು ಅಪಾಯ ಕೊಳ್ಳುವುದೆಂದರೆ ಇದು.

ಫೋರ್ಡ್‌ನ ಎಂಜಿನಿಯರುಗಳಿಗೆ ಇದು ತಿಳಿದಿತ್ತು. 1993ರಲ್ಲಿ ಅವರು ಹೊರತಂದ ಮಸ್ಟಾಂಗ್ ಕೋಬ್ರಾಕ್ಕೆ ಮಾಮೂಲಿ ಜಿಟಿ ಮಾದರಿಗಿಂತ ಮೆತ್ತನೆಯ ಸ್ಪ್ರಿಂಗುಗಳನ್ನು ಕೊಟ್ಟು, ಅಗಲ ಟಯರು, ಹಿಂದೆಯೂ ಡಿಸ್ಕ್ ಬ್ರೇಕು ಹಾಕಿದರು. ಹೆಚ್ಚು ಶಕ್ತಿಯ ಕಾರಿಗೆ ಮೆತ್ತನೆಯ ಸ್ಪ್ರಿಂಗ್! ರಸ್ತೆಯ ಏರಿಳಿತವನ್ನು ಟಯರು ಬಿಡದೆ ಅನುಸರಿಸಲೆಂದು. ಗಡಸು ಸ್ಪ್ರಿಂಗುಗಳನ್ನು ಅವರು ಮೀಸಲಿಟ್ಟದ್ದು ಪಂದ್ಯಕ್ಕೆಂದೇ ತಯಾರಾದ 107 ‘ಕೋಬ್ರಾ ಆರ್’ ಕಾರುಗಳಿಗೆ. ಅವಕ್ಕೆ ಹಿಂದಿನ ಸೀಟಿಲ್ಲ, ರೇಡಿಯೊ ಇಲ್ಲ, ಎ.ಸಿ. ಇಲ್ಲ.

ಇಷ್ಟು ಓದಿ ಮನೆಯ ಕಾರಿನ ಅಡಿಗೆ ತೂರಲು ಹೊರಟ ಮಗನನ್ನು ತಂದೆತಾಯಿ ತಡೆದರೆ ತಪ್ಪಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ; 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. ಆಸಕ್ತಿಯನ್ನೇ ತಡೆಯಬೇಕಿಲ್ಲ. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಲ್ಲಿ ನಡೆಯುತ್ತ ಬಂದಿರುವ ಫಾರ್ಮುಲಾ ಭಾರತ್ ಸ್ಪರ್ಧೆಗೆ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಾರು ಕಟ್ಟುತ್ತಾರೆ. ಇಂಥ ತಂಡಗಳು ಚಾಸಿಯ ಬಿಗಿ ಅಳೆಯುವ ರೀತಿ ಸರಳ: ಹಿಂದಿನ ತುದಿಯನ್ನು ಅಲುಗದಂತೆ ಬಿಗಿದು, ಮುಂದಿನ ತುದಿಗೆ ಅಡ್ಡ ತೋಳು ಕಟ್ಟಿ ಒಂದು ಪಕ್ಕಕ್ಕೆ ತೂಕ ತೂಗಿಬಿಡುತ್ತಾರೆ. ಒಬ್ಬ ಡಯಲ್ ಗೇಜಿನ ಮುಳ್ಳು ಎಷ್ಟು ಕದಲಿತೆಂದು ಕೂಗುತ್ತಾನೆ, ಇನ್ನೊಬ್ಬಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ. ಒಂದು ಕೊಳವೆ ಸೇರಿಸಿ, ಮತ್ತೆ ತೂಕ ಹಾಕುತ್ತಾರೆ.