ಅಕ್ಕನಿಗೊಂದು ಸಂಬಂಧ

ಮಕ್ಕಳ ಪ್ರಶ್ನೆಗಳಿಗೆ ಪಠ್ಯಪುಸ್ತಕದ ರಟ್ಟು ಅಡ್ಡ ಬರುವುದಿಲ್ಲ. ಒಂಬತ್ತನೇ ತರಗತಿಯಲ್ಲಿ ಅಂಗಾಂಶಗಳ ಪಾಠ ಮುಗಿಸಿ, ‘ಯಾರಿಗಾದರೂ ಸಂಶಯ ಉಂಟಾ?’ ಎಂದು ಕೇಳಿದೆ. ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ‘ಸರ್, ಊರಿಡೀ ಜಾಂಬಿಗಳಾದರೆ ಉಳಿದವರಿಗೆ ಮದುವೆಯಾಗಲು ಜೋಡಿ ಸಿಗುವುದು ಹೇಗೆ?’ ತರಗತಿ ಗೊಳ್ಳೆಂದು ನಕ್ಕಿತು. ಹಿಂದಿನ ರಾತ್ರಿ ಅವನು ನೋಡಿದ ಸಿನಿಮಾದಲ್ಲಿ ಎದ್ದು ಬಂದ ಹೆಣಗಳ ನಡುವೆಯೇ ನಾಯಕ ತನ್ನ ಹುಡುಗಿಯನ್ನು ಹುಡುಕುತ್ತಾ ಹೋಗುತ್ತಾನಂತೆ. ನಾನೂ ನಕ್ಕೆ. ಆದರೆ ಸಂಜೆ ಪಂಪ್‌ವೆಲ್‌ನಲ್ಲಿ ಬಸ್ಸಿನಿಂದಿಳಿದು ಮನೆಯ ಕಡೆ ನಡೆಯುವಾಗ ಆ ಪ್ರಶ್ನೆ ಬೆನ್ನು ಬಿಡಲಿಲ್ಲ. ಸತ್ತವರು, ಮದುವೆ, ಊರಿಗೆ ಬಂದ ರೋಗ – ಈ ಮೂರೂ ನಮ್ಮ ಜಿಲ್ಲೆಗೆ ಅಪರಿಚಿತವಲ್ಲ. ನಮ್ಮ ಮನೆಗಂತೂ ಅಲ್ಲವೇ ಅಲ್ಲ.

ಮೊದಲು ವಿಜ್ಞಾನದ ಮಾತು. ಜಾಂಬಿಯ ಕಲ್ಪನೆ ಬಂದದ್ದು ಕೆರಿಬಿಯನ್ ಸಮುದ್ರದ ಹೈಟಿಯಿಂದ. ಆಫ್ರಿಕದಿಂದ ಹಿಡಿದು ತಂದ ಗುಲಾಮರನ್ನು ಫ್ರೆಂಚರು ಅಲ್ಲಿನ ಕಬ್ಬಿನ ತೋಟಗಳಲ್ಲಿ ಸಾಯುವ ತನಕ ದುಡಿಸುತ್ತಿದ್ದರು. ಸತ್ತ ಮೇಲಾದರೂ ಬಿಡುಗಡೆ ಎಂದುಕೊಂಡರೆ, ಮಂತ್ರವಾದಿಯೊಬ್ಬ ಹೆಣವನ್ನೆಬ್ಬಿಸಿ ಮತ್ತೆ ಗದ್ದೆಗಿಳಿಸಿಬಿಟ್ಟರೆ? ಜಾಂಬಿ ಎಂದರೆ ಆ ಭಯ. ಅದು ಸಿನಿಮಾಕ್ಕೆ ಬಂದದ್ದು 1932ರ ‘ವೈಟ್ ಜಾಂಬಿ’ಯಲ್ಲಿ. ಜಾರ್ಜ್ ರೊಮೇರೊ 1968ರಲ್ಲಿ ತೆಗೆದ ಚಿತ್ರದ ಬಳಿಕ ಅದು ಗುಂಪಾಗಿ ಬಂದು ಕಚ್ಚುವ, ಕಚ್ಚಿದವರಿಗೂ ತಗಲುವ ಜಾಡ್ಯವಾಯಿತು.

ಸತ್ತ ದೇಹ ಎದ್ದು ನಡೆಯಲಾರದು. ಸ್ನಾಯು ಸಡಿಲಗೊಳ್ಳಲು ಎಟಿಪಿ ಎಂಬ ರಾಸಾಯನಿಕ ಬೇಕು. ಉಸಿರು ನಿಂತ ಮೇಲೆ ಅದು ತಯಾರಾಗುವುದಿಲ್ಲ. ಇದ್ದದ್ದು ಕೆಲವು ಗಂಟೆಗಳಲ್ಲಿ ಮುಗಿದು ದೇಹ ಮರದಂತೆ ಸೆಟೆದುಕೊಳ್ಳುತ್ತದೆ. ಕಚ್ಚಿ ಹರಡುವ ರೋಗ ಮಾತ್ರ ನಿಜವಾಗಿಯೂ ಉಂಟು: ರೇಬೀಸ್. ಅದರ ವೈರಸ್ ನರಗಳ ಮೂಲಕ ಮೆದುಳಿಗೇರುತ್ತದೆ, ಅಲ್ಲಿಂದ ಜೊಲ್ಲಿಗಿಳಿಯುತ್ತದೆ, ನಾಯಿಯನ್ನು ಕಚ್ಚುವಂತೆ ಮಾಡುತ್ತದೆ. ಬೀದಿಯಲ್ಲಿ ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಲಸಿಕೆ ಶುರುಮಾಡಬೇಕು. ಇದನ್ನು ಪರೀಕ್ಷೆಗೆ ಬರುವುದಿಲ್ಲವೆಂದು ಬಿಡಬೇಡಿ.

ಇನ್ನು ಜಾಂಬಿಗಳ ನಡುವೆ ಪ್ರೇಮ. ಇದಕ್ಕೂ ಪ್ರಕೃತಿಯಲ್ಲಿ ಉದಾಹರಣೆ ಇದೆ. ಎಂಟೊಮಾಫ್ತೋರಾ ಮಸ್ಕೇ ಎಂಬ ಶಿಲೀಂಧ್ರ ಮನೆನೊಣಕ್ಕೆ ತಗಲಿದರೆ ಸುಮಾರು ಒಂದು ವಾರದಲ್ಲಿ ನೊಣ ತನ್ನ ಹಿಡಿತದಲ್ಲಿರುವುದಿಲ್ಲ. ಎತ್ತರದ ಜಾಗಕ್ಕೆ ಏರಿ, ಬಾಯಿಯನ್ನು ಅಲ್ಲಿಗೇ ಅಂಟಿಸಿ, ರೆಕ್ಕೆ ಎತ್ತಿ ಸಾಯುತ್ತದೆ. ಆ ಹೆಣದಿಂದ ಶಿಲೀಂಧ್ರದ ಬೀಜಕಣಗಳು ಸಿಡಿಯುತ್ತವೆ. ಹೀಗೆ ಸತ್ತ ಹೆಣ್ಣುನೊಣದ ಕಡೆಗೆ ಆರೋಗ್ಯವಂತ ಗಂಡುನೊಣಗಳು ಆಕರ್ಷಿತವಾಗುತ್ತವೆಂದು ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಸಂಗಡಿಗರು 2022ರಲ್ಲಿ ಪ್ರಕಟಿಸಿದರು. ಶಿಲೀಂಧ್ರವೇ ಹೆಣದಿಂದ ಒಂದು ಬಗೆಯ ಪರಿಮಳ ಬಿಡಿಸುತ್ತದೆ. ಗಂಡು ಕೂಡಲು ಬರುತ್ತದೆ, ರೋಗ ಹೊತ್ತುಕೊಂಡು ಹೋಗುತ್ತದೆ.

ನೊಣಗಳ ಲೋಕದಲ್ಲಿ ಹೀಗೆ ಸತ್ತವರು ಬದುಕಿದವರನ್ನು ಸೆಳೆಯುತ್ತಾರೆ. ತುಳುನಾಡಿನಲ್ಲಿ ಬದುಕಿದವರೇ ಸತ್ತವರಿಗಾಗಿ ಸಂಬಂಧ ಹುಡುಕಿಕೊಂಡು ಹೋಗುತ್ತಾರೆ. 2024ರ ಮೇ ತಿಂಗಳಲ್ಲಿ ಪುತ್ತೂರು ಕಡೆಯ ಒಂದು ಕುಟುಂಬ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತ್ತು. ಸುಮಾರು 30 ವರ್ಷದ ಹಿಂದೆ ತೀರಿಕೊಂಡ ಹೆಣ್ಣುಮಗುವಿಗೆ, ಅದೇ ಜಾತಿಯ, ಬೇರೆ ಬರಿಯ, ಸುಮಾರು ಅಷ್ಟೇ ವರ್ಷದ ಹಿಂದೆ ತೀರಿಕೊಂಡ ವರ ಬೇಕೆಂದು. ಹೊರಗಿನವರು ಅದನ್ನು ಮೊಬೈಲಿನಿಂದ ಮೊಬೈಲಿಗೆ ಹಂಚಿ ನಕ್ಕರು. ನಮಗೆ ಅದು ಹೊಸದಾಗಿರಲಿಲ್ಲ.

ಸತ್ತವರನ್ನು ತುಳುವಿನಲ್ಲಿ ಕುಲೆ ಎನ್ನುತ್ತಾರೆ. ಮದುವೆಯಾಗದೆ ತೀರಿಕೊಂಡವರಿಗೆ ಮನೆಯವರು ಮಾಡಿಸುವುದು ಕುಲೆ ಮದುವೆ ಅಥವಾ ಪ್ರೇತ ಮದುವೆ. ತೊಟ್ಟಿಲಲ್ಲೇ ಹೋದ ಮಗುವೂ ಅಲ್ಲೆಲ್ಲೋ ವರ್ಷ ವರ್ಷ ಬೆಳೆಯುತ್ತಿರುತ್ತದೆ, ಪ್ರಾಯಕ್ಕೆ ಬರುತ್ತದೆ ಎಂಬುದು ನಂಬಿಕೆ. ಬದುಕಿರುವವರ ಮದುವೆಗಳು ನಿಲ್ಲುವ ಆಟಿ ತಿಂಗಳಲ್ಲಿ ಇಂಥ ಮದುವೆಗಳು ಹೆಚ್ಚು. ಬರಿ ನೋಡುತ್ತಾರೆ, ಪ್ರಾಯ ನೋಡುತ್ತಾರೆ. ವರನಿಗಿಂತ ವಧು ದೊಡ್ಡವಳಾದಳು ಎಂದು ಸಂಬಂಧ ಬಿಟ್ಟವರೂ ಇದ್ದಾರೆ! ನಿಶ್ಚಿತಾರ್ಥ, ಸೀರೆ, ದಾರೆ, ಊಟ ಎಲ್ಲವೂ ಉಂಟು. ವಧುವರರ ಜಾಗದಲ್ಲಿ ಅವರ ಬಟ್ಟೆಗಳಿರುತ್ತವೆ.

ನನ್ನ ಅಕ್ಕನ ಮದುವೆ ನಡೆದದ್ದು 1995ರ ಆಟಿಯಲ್ಲಿ. ಅವಳು ತೀರಿಕೊಂಡದ್ದು 1967ರಲ್ಲಿ, ಮೂರು ವರ್ಷದವಳಿದ್ದಾಗ. ಆಗ ನಾನಿನ್ನೂ ಹುಟ್ಟಿರಲಿಲ್ಲ. ಗಂಟಲಮಾರಿ, ಎಂದರೆ ಡಿಫ್ತೀರಿಯ. ಅವಳದ್ದು ಒಂದು ಫೋಟೋ ಇಲ್ಲ. ಮನೆಯಲ್ಲಿ ಅವಳ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಅಮ್ಮ ಕೆಲವೊಮ್ಮೆ ‘ದೊಡ್ಡದು’ ಎನ್ನುತ್ತಿದ್ದಳು, ಅಷ್ಟೇ. ನನ್ನ ತಂಗಿಗೆ ಗಂಡು ನೋಡಲು ಶುರುಮಾಡಿ ಮೂರು ವರ್ಷ ಕಳೆದರೂ ಒಂದೂ ಕೂಡಿಬರಲಿಲ್ಲ. ಅಪ್ಪ ಜೋಯಿಸರಲ್ಲಿ ಪ್ರಶ್ನೆ ಇಟ್ಟರು. ‘ದೊಡ್ಡವಳಿಗೆ ಆಗದೆ ಸಣ್ಣವಳಿಗೆ ಆಗುವುದಿಲ್ಲ’ ಎಂದು ಬಂತು. ನಾನು ಆಗಷ್ಟೇ ಬಿ.ಎಡ್. ಮುಗಿಸಿ ಮೇಷ್ಟ್ರಾಗಿದ್ದೆ. ‘ನಿನಗೆ ನಂಬಿಕೆ ಇಲ್ಲದಿದ್ದರೆ ಬೇಡ ಮಗಾ, ನನ್ನ ಜೊತೆ ಪೇಟೆಗೆ ಬಾ, ಚೀಲ ಹಿಡಿದುಕೊಳ್ಳಲು ಜನ ಬೇಕು’ ಎಂದಳು ಅಮ್ಮ. ಹೋದೆ.

ಕಂಕನಾಡಿಯಲ್ಲಿ ಸೀರೆ ತೆಗೆದೆವು. ಆಟಿಯ ಮಳೆಗೆ ಮಲ್ಲಿಗೆ ತುಟ್ಟಿ. ಆದರೂ ಅಮ್ಮ ಚೌಕಾಸಿ ಮಾಡದೆ ಕೊಂಡಳು. ಕೊನೆಗೆ ಬಳೆ ಅಂಗಡಿ. ಅಂಗಡಿಯವರು ವಾಡಿಕೆಯಂತೆ ಕೇಳಿದರು: ‘ಮಗಳ ಕೈಯ ಅಳತೆ ಎಷ್ಟಮ್ಮಾ?’ ಅಮ್ಮ ಒಂದು ಗಳಿಗೆ ಸುಮ್ಮನೆ ನಿಂತಳು. ಆಮೇಲೆ ತನ್ನ ಕೈಯನ್ನೇ ಮುಂದೆ ಚಾಚಿದಳು. ‘ನನ್ನದೇ ಅಳತೆಗೆ ಕೊಡಿ. ಅವಳಿಗೆ ನನ್ನದೇ ಕೈ ಬಂದಿರಬಹುದು.’

ನಾನು ಅನುವಂಶೀಯತೆಯ ಪಾಠ ಮಾಡಿ ಬಂದಿದ್ದೆ ಆ ವಾರ. ಚೀಲ ಹಿಡಿದುಕೊಂಡು ಬೀದಿಯ ಕಡೆ ನೋಡುತ್ತಾ ನಿಂತೆ.

ವರನ ಕಡೆಯವರು ಫರಂಗಿಪೇಟೆಯವರು. ಅವರ ಹುಡುಗ ಆರು ವರ್ಷದವನಿದ್ದಾಗ ಬಾವಿಗೆ ಬಿದ್ದು ತೀರಿಕೊಂಡವನು. ಎರಡು ಮಣೆಗಳ ಮೇಲೆ ಸೀರೆ, ಬಳೆ, ಮಲ್ಲಿಗೆ ಒಂದು ಕಡೆ. ಪಂಚೆ, ಅಂಗಿ, ಶಾಲು ಇನ್ನೊಂದು ಕಡೆ. ದಾರೆ ಎರೆಯುವಾಗ ಹಿರಿಯರು ಅಕ್ಕನ ಪೂರ್ತಿ ಹೆಸರನ್ನು ಗಟ್ಟಿಯಾಗಿ ಹೇಳಿದರು. ಇಪ್ಪತ್ತೆಂಟು ವರ್ಷಗಳಲ್ಲಿ ಆ ಹೆಸರು ನಮ್ಮ ಮನೆಯಲ್ಲಿ ಕೇಳಿದ್ದು ಅಂದೇ. ಊಟವಾದ ಮೇಲೆ ಇಬ್ಬರು ತಾಯಂದಿರು ಜಗಲಿಯಲ್ಲಿ ಕುಳಿತರು. ‘ನಿಮ್ಮವನಿಗೆ ಎಂಥ ಇಷ್ಟ ಇತ್ತು?’ ಎಂದು ಅಮ್ಮ ಕೇಳಿದಳು. ‘ಬೆಲ್ಲ ಹಾಕಿದ ಅವಲಕ್ಕಿ’ ಎಂದರು ಅವರು. ಕತ್ತಲಾಗುವವರೆಗೂ ಆ ಇಬ್ಬರ ಮಾತು ಮುಗಿಯಲಿಲ್ಲ. ಆ ಮಕ್ಕಳ ಬಗ್ಗೆ ಅಷ್ಟು ವರ್ಷಗಳಲ್ಲಿ ಅವರನ್ನು ಯಾರೂ ಏನೂ ಕೇಳಿರಲಿಲ್ಲ. ಮರುವರ್ಷ ಆಟಿಯಲ್ಲಿ ಕುಲೆಗಳಿಗೆ ಎಲೆ ಹಾಕುವಾಗ ಅಮ್ಮ ಒಂದು ಎಲೆಗೆ ಬೆಲ್ಲದ ಅವಲಕ್ಕಿ ಬಡಿಸಿದಳು – ಅಳಿಯನಿಗೆ. 2011ರಲ್ಲಿ ಅಮ್ಮ ತೀರಿಕೊಂಡಾಗ ಮೊದಲು ಓಡಿ ಬಂದವರು ಫರಂಗಿಪೇಟೆಯ ಬೀಗರೇ.

ತಂಗಿಯ ಮದುವೆ? ಅದು ಏಳು ತಿಂಗಳಲ್ಲಿ ಕೂಡಿಬಂತು. ‘ನೋಡಿ ಮಾಸ್ಟ್ರೇ, ಈಗೇನು ಹೇಳುತ್ತೀರಿ?’ ಎಂದು ನೆರೆಯವರು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಒಂದರ ಹಿಂದೆ ಇನ್ನೊಂದು ಬಂದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗುವುದಿಲ್ಲ. ಕುಲೆ ಮದುವೆ ಮಾಡಿಸಿಯೂ ಕೂಡಿಬರದ ಮನೆಗಳೆಷ್ಟು, ಮಾಡಿಸದೆಯೇ ಕೂಡಿಬಂದ ಮನೆಗಳೆಷ್ಟು ಎಂದು ಎಣಿಸದೆ ತೀರ್ಮಾನಕ್ಕೆ ಬರುವಂತಿಲ್ಲ. ಇನ್ನೊಂದು ಸಂಗತಿ. ಮೊದಲು ಬಂದು ಹೋದ ಎಂಟು ಕಡೆಯವರೂ ಕೇಳಿದ್ದು ‘ಎಷ್ಟು ಪವನು ಹಾಕುತ್ತೀರಿ?’ ಎಂದು. ಒಂಬತ್ತನೆಯವರು ಕೇಳಲಿಲ್ಲ. ತಂಗಿಯ ಮದುವೆಗೆ ಅಡ್ಡ ನಿಂತದ್ದು ಚಿನ್ನ. ಆ ಅಪವಾದವನ್ನು ಮೂರು ವರ್ಷದ ಮಗುವೊಂದರ ತಲೆಗೆ ಕಟ್ಟುವುದು ನ್ಯಾಯವಲ್ಲ. ಹೆತ್ತವರು ಇದನ್ನು ಯೋಚಿಸಬೇಕು. ಮನೆಯಲ್ಲಿ ಜ್ವರ ಬಂದರೆ, ಮಕ್ಕಳಾಗುವುದು ತಡವಾದರೆ, ಮನಸ್ಸು ಕುಗ್ಗಿದರೆ ಮೊದಲು ಹೋಗಬೇಕಾದದ್ದು ವೈದ್ಯರ ಬಳಿಗೆ. ಅದು ಬಿಟ್ಟು ಸತ್ತವರ ಮೇಲೆ ದೋಷ ಹೊರಿಸಿ, ಸಾಲ ಮಾಡಿ ಕಲಾಪ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ. ಆದರೆ ಮಗುವಿನ ಹೆಸರು ಮನೆಯಲ್ಲಿ ಇನ್ನೊಮ್ಮೆ ಕೇಳಲಿ ಎಂದು ಇಬ್ಬರು ತಾಯಂದಿರು ಕುಳಿತರೆ ಅದಕ್ಕೆ ಪ್ರಯೋಗಶಾಲೆಯ ಅನುಮತಿ ಬೇಕಿಲ್ಲ.

ನಾವು ಸತ್ತವರನ್ನು ನಿಜಕ್ಕೂ ಜಾಂಬಿಗಳಂತೆ ಕಂಡದ್ದು ಬೇರೆಯೇ ಸಂದರ್ಭದಲ್ಲಿ. ಪಂಪ್‌ವೆಲ್‌ನ ಮೇಲ್ಸೇತುವೆ, ಊರವರೆಲ್ಲ ವರ್ಷಗಟ್ಟಲೆ ಕಾದ ಮೇಲೆ, 2020ರ ಜನವರಿ 31ರಂದು ಸಂಚಾರಕ್ಕೆ ತೆರೆಯಿತು. ಎರಡೇ ತಿಂಗಳಲ್ಲಿ ಕೊರೊನಾ ಬಂದು ಸೇತುವೆಯ ಮೇಲೆ ವಾಹನಗಳಿಲ್ಲದಾಯಿತು. ದಕ್ಷಿಣಕ್ಕೆ ತಲಪಾಡಿಯಲ್ಲಿ ಗಡಿ ಮುಚ್ಚಿದರು. ಆ ದಿನಗಳಲ್ಲೂ ಮದುವೆಗಳು ನಿಲ್ಲಲಿಲ್ಲ. ಮುಖಕ್ಕೆ ಮಾಸ್ಕ್ ಕಟ್ಟಿ, ಐವತ್ತು ಜನರ ಮಿತಿಯೊಳಗೆ ದಾರೆ ಎರೆದರು. ಸಂಕಟ ಬಂದದ್ದು ಸಾವಿನಲ್ಲಿ. 2020ರ ಏಪ್ರಿಲ್‌ನಲ್ಲಿ ಬಂಟ್ವಾಳದ ಹಿರಿಯ ಮಹಿಳೆಯೊಬ್ಬರು ಕೊರೊನಾದಿಂದ ತೀರಿಕೊಂಡರು. ಪಚ್ಚನಾಡಿಯ ಸ್ಮಶಾನದಲ್ಲಿ ಸುಡುತ್ತಾರೆಂದು ತಿಳಿದು ಜನ ಅಡ್ಡ ನಿಂತರು. ಶವ ಊರೂರು ಅಲೆಯಬೇಕಾಯಿತು. ಕೊನೆಗೆ ರಾತ್ರಿ ಬಿ.ಸಿ. ರೋಡ್ ಸಮೀಪದ ಕೈಕುಂಜೆಯಲ್ಲಿ, ವಿರೋಧದ ನಡುವೆಯೇ, ಸಂಸ್ಕಾರ ಮುಗಿಸಿದರು.

ಶವ ಮುಟ್ಟಿದ್ದರಿಂದ ಈ ರೋಗ ಯಾರಿಗಾದರೂ ತಗಲಿದ್ದಕ್ಕೆ ಪುರಾವೆ ಸಿಕ್ಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಆ ವರ್ಷದ ಮಾರ್ಚ್‌ನಲ್ಲೇ ತಿಳಿಸಿತ್ತು. ಕೊರೊನಾ ಹರಡುವುದು ಉಸಿರಿನಿಂದ, ಕೆಮ್ಮಿನಿಂದ. ಸತ್ತವರು ಉಸಿರಾಡುವುದಿಲ್ಲ, ಕೆಮ್ಮುವುದಿಲ್ಲ. ಚಿತೆಯ ಬೆಂಕಿಯಲ್ಲಿ ಯಾವ ವೈರಸ್ಸೂ ಉಳಿಯುವುದಿಲ್ಲ. ಹೊಗೆಯಲ್ಲಿ ರೋಗ ಬರುತ್ತದೆಂದು ಅಡ್ಡ ನಿಂತವರಲ್ಲಿ ಎಸೆಸೆಲ್ಸಿಯಲ್ಲಿ ವಿಜ್ಞಾನ ಪಾಸಾದವರು ಎಷ್ಟೋ ಮಂದಿ ಇದ್ದಿರಬಹುದು. ಮೂವತ್ತು ವರ್ಷದ ಹಿಂದೆ ಹೋದ ಮಗುವಿಗೆ ಪ್ರತಿ ಆಟಿಯಲ್ಲೂ ಎಲೆ ಹಾಕುವ ನಾಡು ಅಂದು ಸತ್ತ ಅಜ್ಜಿಗೆ ಆರಡಿ ಜಾಗ ಕೊಡಲು ಹಿಂದೆಮುಂದೆ ನೋಡಿತು. ಸಿನಿಮಾದ ಜಾಂಬಿಗೆ ಹೆಸರಿಲ್ಲ, ಮನೆಯಿಲ್ಲ, ತಾಯಿಯಿಲ್ಲ. ಅದಕ್ಕೇ ಅದನ್ನು ಹೊಡೆದಟ್ಟುವುದು ಸುಲಭ. ಕುಲೆಗೆ ಹೆಸರುಂಟು, ಬರಿಯುಂಟು, ಇಷ್ಟವಾದ ತಿಂಡಿಯುಂಟು. ನಮ್ಮ ಹಿರಿಯರ ನಂಬಿಕೆಯಲ್ಲಿ ವಿಜ್ಞಾನ ಇರಲಿಲ್ಲ, ನಿಜ. ಆದರೆ ಅಂದು ಪಚ್ಚನಾಡಿಯಲ್ಲಿ ಇದ್ದದ್ದೂ ವಿಜ್ಞಾನವಲ್ಲ.

ಇಷ್ಟೊಂದು ಕುಲೆಗಳು ಎಲ್ಲಿಂದ ಬಂದರು ಎಂದು ವಿದ್ಯಾರ್ಥಿಗಳು ಕೇಳಬೇಕು. ನಮ್ಮ ದೇಶದಲ್ಲಿ 1951ರ ಸುಮಾರಿಗೆ ಹುಟ್ಟಿದ ಪ್ರತಿ 1000 ಶಿಶುಗಳಲ್ಲಿ 146 ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2020ರಲ್ಲಿ ಅದು 28ಕ್ಕೆ ಇಳಿದಿತ್ತು, ಕರ್ನಾಟಕದಲ್ಲಿ 19ಕ್ಕೆ. ಒಂದೊಂದು ಮನೆಯಲ್ಲೂ ಮದುವೆಗೆ ಬಾಕಿಯಾದ ಒಬ್ಬಿಬ್ಬರು ಇದ್ದದ್ದು ಏಕೆಂದು ಈ ಅಂಕಿಗಳೇ ಹೇಳುತ್ತವೆ. ನನ್ನ ಅಕ್ಕನನ್ನು ಕೊಂಡುಹೋದ ಗಂಟಲಮಾರಿಗೆ ಲಸಿಕೆ ಆಗಲೇ ಇತ್ತು. ನಮ್ಮ ಹಳ್ಳಿಯ ದಾರಿ ಅದಕ್ಕೆ ಗೊತ್ತಿರಲಿಲ್ಲ. ದೇಶದಲ್ಲಿ ಮಕ್ಕಳಿಗೆ ಲಸಿಕೆ ಹಾಕುವ ಕಾರ್ಯಕ್ರಮ ಶುರುವಾದದ್ದು 1978ರಲ್ಲಿ, ಅದು ವಿಸ್ತರಿಸಿದ್ದು 1985ರಲ್ಲಿ. ಈಗ ಅದೇ ಲಸಿಕೆ ಹುಟ್ಟಿದ 6, 10 ಮತ್ತು 14ನೇ ವಾರದಲ್ಲಿ, ಮತ್ತೆ ಒಂದೂವರೆ ವರ್ಷದ ಹೊತ್ತಿಗೆ ಮತ್ತು ಐದನೇ ವರ್ಷ ದಾಟಿದಾಗ ಸರಕಾರಿ ಆಸ್ಪತ್ರೆಗಳಲ್ಲಿ ಹಣವಿಲ್ಲದೆ ಸಿಗುತ್ತದೆ. 10 ಮತ್ತು 16ನೇ ವರ್ಷಕ್ಕೆ ಇನ್ನೊಂದೊಂದು ಚುಚ್ಚುಮದ್ದು ಉಂಟು. ಶಾಲೆಯಲ್ಲಿ ಆ ದಿನ ಹೊಟ್ಟೆನೋವೆಂದು ರಜೆ ಹಾಕುವ ಶೂರರೇ, ಇದು ನಿಮಗೇ ಹೇಳಿದ್ದು.

ಕಡೆಗೆ ಒಂದು ಮನೆಗೆಲಸ ಕೊಡುತ್ತೇನೆ, ಹೆತ್ತವರೂ ಸೇರಬಹುದು. ಅಜ್ಜಿ ಇದ್ದರೆ ಅವರ ಬಳಿ, ಇಲ್ಲದಿದ್ದರೆ ಮನೆಯ ಹಿರಿಯರ ಬಳಿ ಕುಳಿತು ಕೇಳಿ: ಈ ಮನೆಯಲ್ಲಿ ಸಣ್ಣ ಪ್ರಾಯದಲ್ಲಿ ಹೋದವರು ಯಾರು? ಎಷ್ಟು ವರ್ಷ? ಎಂಥ ಕಾಯಿಲೆ? ಏನು ತಿನ್ನಲು ಇಷ್ಟ ಇತ್ತು? ಒಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳಿ. ಕಾಯಿಲೆಯ ಮುಂದೆ ಈಗ ಅದಕ್ಕೆ ಲಸಿಕೆಯೋ ಮದ್ದೋ ಉಂಟೇ ಎಂದು ನೋಡಿ ಗುರುತು ಹಾಕಿ. ಹೆಸರನ್ನು ಮಾತ್ರ ಪೂರ್ತಿ ಬರೆಯಿರಿ. ಕಾಗುಣಿತ ತಪ್ಪಬಾರದು.